ಕುಡಿಯದ, ಮಾಂಸ ತಿನ್ನದ ನಾವು ಮೆಕ್ಸಿಕೋದ 'ಎಲ್ಲಾ ಸೇರಿ' ರೆಸಾರ್ಟಿನಲ್ಲಿ ಏಳು ದಿನ: ದುಡ್ಡು ದಂಡವಾಯ್ತಾ?

ಹಾಸನದ ಕಾಫಿ:

ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕಾಂಕೂನ್ ಕಡೆ ಕರೆದುಕೊಂಡು ಹೋಗಬಹುದಾ ಅಂತ ಎರಡು ತಿಂಗಳ ಹಿಂದೆ ಇಲ್ಲೇ ಕೇಳಿದ್ದೆ. ಹೋಗಿ ಬಂದೆವು. ಹೇಗಿತ್ತು ಅಂತ ಮೆಸೇಜ್ ಮಾಡಿದವರು ಜಾಸ್ತಿ ಇದ್ದಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆಯುತ್ತಿದ್ದೇನೆ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಜೂನ್ ಕೊನೆಯ ವಾರ. ಹೂಸ್ಟನ್‌ನಿಂದ ಎರಡೂವರೆ ಗಂಟೆಯ ವಿಮಾನ. ನಾನು, ನಮ್ಮನೆಯವರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಎರಡು ರೂಮು, ಏಳು ರಾತ್ರಿ, ತಿಂಡಿ ಊಟ ಕುಡಿಯೋದು ಎಲ್ಲಾ ಸೇರಿ 4,600 ಡಾಲರ್. ವಿಮಾನದ ಟಿಕೆಟ್ ಬೇರೆ. ರೆಸಾರ್ಟಿನ ಹೆಸರು ಕೇಳಬೇಡಿ, ಸ್ವಲ್ಪ ಬೈಯುವುದಿದೆ. ಪ್ಲಾಯಾ ದೆಲ್ ಕಾರ್ಮೆನ್ ಊರಿಗೆ ಹತ್ತಿರ, ಹೆದ್ದಾರಿ 307ರ ಪಕ್ಕ. ಅಷ್ಟು ಸಾಕು.

ಒಳಗೆ ಕಾಲಿಡುತ್ತಿದ್ದಂತೆ ಎಲ್ಲರ ಕೈಗೂ ಒಂದೊಂದು ನೀಲಿ ಪಟ್ಟಿ ಕಟ್ಟಿದರು. ಅದು ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ, ಎಲ್ಲಿ ಬೇಕಾದರೂ ತಿನ್ನಬಹುದು. ಅಪ್ಪನ ಬಲಗೈಯಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು, ಅದಕ್ಕೆ ಎಡಗೈ ಚಾಚಿದರು. ಮೊದಲ ದಿನ ಊಟಕ್ಕೆ ಕೂತಾಗ ಬಿಲ್ ಬರಲಿಲ್ಲ ಅಂತ ಅಪ್ಪ ಏಳಲೇ ಇಲ್ಲ. ಕೊಟ್ಟಾಗಿದೆ ಅಪ್ಪಾ ಅಂದರೂ ಸಮಾಧಾನ ಇಲ್ಲ. "ರಸೀದಿ ಇಲ್ಲದೆ ಎದ್ದು ಹೋಗೋದು ಹೆಂಗೆ?" ಅಂತ ಹತ್ತು ನಿಮಿಷ ಕೂತರು.

ಊಟದ ವಿಷಯಕ್ಕೆ ಬರುತ್ತೇನೆ, ನೀವೆಲ್ಲ ಕಾಯುತ್ತಿರುವುದು ಅದಕ್ಕೇ ಅಲ್ವಾ. ಬಫೆ ಏನೋ ಮದುವೆ ಛತ್ರದ ಊಟದ ಹಾಲ್‌ನಷ್ಟು ಉದ್ದ ಇದೆ. ಆದರೆ ನಮ್ಮಂಥವರು ಎರಡು ಕಡೆ ಮೋಸ ಹೋಗುತ್ತೇವೆ. ಒಂದು ಅನ್ನ. ಕೆಂಪಗೆ ನಮ್ಮ ಟೊಮ್ಯಾಟೊ ಬಾತ್ ಥರ ಕಾಣುತ್ತದೆ, ತುಂಬಾ ಸಲ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ. ಇನ್ನೊಂದು, ಬೀನ್ಸ್ ಕಾಳು ಬೇಯಿಸಿ ಮಸೆದು ಹುರಿದಿದ್ದು. ಅದಕ್ಕೆ ಹಂದಿ ಕೊಬ್ಬು ಹಾಕುವ ರೂಢಿ ಇದೆ. ಸುಮ್ನೆ 'ಕಾರ್ನೆ (ಮಾಂಸ) ಬೇಡ' ಅಂದರೆ ದನ, ಹಂದಿ ಬೇಡ ಅಂದುಕೊಂಡು ಕೋಳಿ ತಂದಿಡುತ್ತಾರೆ. ಅವರ ತಪ್ಪಲ್ಲ, ಮಾತಿನ ಅರ್ಥವೇ ಹಾಗೆ. ಅದಕ್ಕೆ ನಾನು ಒಂದು ಚೀಟಿ ಬರೆದಿಟ್ಟುಕೊಂಡಿದ್ದೆ: ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ, ಸಿನ್ ಕಾಲ್ದೊ ದೆ ಪೊಯ್ಯೊ. 'ಸಿನ್' ಅಂದರೆ ಇಲ್ಲದ್ದು. ಮಾಂಸ, ಕೋಳಿ, ಮೀನು, ಕೊಬ್ಬು, ಕೋಳಿ ಸಾರು ಯಾವುದೂ ಇಲ್ಲದ್ದು. ಎರಡನೇ ದಿನಕ್ಕೆ ಅಪ್ಪನಿಗೆ ಬಾಯಿಪಾಠ. ಕೌಂಟರ್ ಮುಂದೆ ಕೈಕಟ್ಟಿ ನಿಂತು ಅಷ್ಟೋತ್ತರ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಡುಗೆಯವರು ನಗುತ್ತಿದ್ದರು, ಆದರೆ ಬೇರೆ ಬಾಣಲೆ ಇಟ್ಟು ಮಾಡಿಕೊಡುತ್ತಿದ್ದರು.

ಮೂರನೇ ದಿನ ಅಮ್ಮ ಒಂದು ತರಕಾರಿ ಸೂಪಿಗೆ ಚಮಚ ಹಾಕಿ ನಿಲ್ಲಿಸಿದರು. "ಇದು ಸೀಮೆಬದನೆ ಕಣೇ." ಹೌದು. ಅಲ್ಲಿ ಅದಕ್ಕೆ ಚಯೋತೆ ಅನ್ನುತ್ತಾರೆ, ಅದರ ತವರೇ ಆ ಕಡೆ. ಇಷ್ಟು ವರ್ಷ ಸೀಮೆಬದನೆ ಅಂದರೆ ಯಾವ ಸೀಮೆ ಅಂತ ಯೋಚನೆಯೇ ಮಾಡಿರಲಿಲ್ಲ, ಇದೇ ಸೀಮೆ! ಆಮೇಲೆ ಅಮ್ಮನಿಗೆ ಅದೇ ಕೆಲಸ. ಸಪೋಟ ಇಲ್ಲಿಯದು, ಪರಂಗಿ ಇಲ್ಲಿಯದು, ಮೆಣಸಿನಕಾಯಿ ಇಲ್ಲಿಯದು ಅಂತ ಒಂದೊಂದಾಗಿ ಕೇಳಿಕೊಂಡು, ಹಾಗಾದರೆ ಇವರು ಕೊಡೋಕೆ ಮುಂಚೆ ನಾವು ಏನು ತಿಂತಿದ್ವಿ ಅಂತ ನನ್ನನ್ನೇ ಗದರಿಸಿದರು. ರೊಟ್ಟಿಯಂಥ ತೊರ್ತಿಯಾ ಬಿಸಿ ಮಾಡಿಕೊಡುವ ಹೆಂಗಸಿಗೆ ಅಮ್ಮ ಒಂದು ಪೊಟ್ಟಣ ಚಟ್ನಿಪುಡಿ ಕೊಟ್ಟರು. ಮಾರನೇ ದಿನ ಆಕೆ ಒಂದು ಬಟ್ಟಲಲ್ಲಿ ಹಬನೇರೊ ಮೆಣಸಿನಕಾಯಿ ಅರೆದದ್ದು ತಂದಿಟ್ಟಳು. ಯುಕತಾನ್ ಕಡೆಯ ಮೆಣಸಿನಕಾಯಿ ಅದು. ಗುಂಟೂರು, ಬ್ಯಾಡಗಿ ಎಲ್ಲಾ ತಿಂದ ನಮ್ಮಮ್ಮ ಅಂದು ಎರಡು ಲೋಟ ಮೊಸರು ಕುಡಿದರು.

ಈಗ ದೂರು.

ಒಂದು, ಕಡಲು. ವೆಬ್‌ಸೈಟಿನ ಫೋಟೋದಲ್ಲಿ ನೀಲಿ ನೀರು, ಬಿಳಿ ಮರಳು. ನಾವು ಹೋದಾಗ ದಂಡೆಯುದ್ದಕ್ಕೂ ಮೊಣಕಾಲು ಎತ್ತರಕ್ಕೆ ಕಂದು ಬಣ್ಣದ ಪಾಚಿ. ಸರ್ಗಾಸೊ ಅನ್ನುತ್ತಾರೆ. ಕೊಳೆಯುವಾಗ ಕೊಳೆತ ಮೊಟ್ಟೆಯ ವಾಸನೆ. ಬೆಳಗ್ಗೆ ಐದಕ್ಕೇ ಕೆಲಸದವರು ಕುಂಟೆಯಂಥ ಉದ್ದ ಹಿಡಿಯ ಬಾಚಣಿಗೆ ಹಿಡಿದು ಬಾಚಿ ಬಾಚಿ ಗುಡ್ಡೆ ಹಾಕುತ್ತಿದ್ದರು, ಟ್ರ್ಯಾಕ್ಟರ್ ಬಂದು ಹೊತ್ತೊಯ್ಯುತ್ತಿತ್ತು, ಹನ್ನೊಂದು ಗಂಟೆಗೆ ಮತ್ತೆ ಅಷ್ಟೇ ಬಂದಿರುತ್ತಿತ್ತು. ಏಳು ದಿನದಲ್ಲಿ ಮಕ್ಕಳು ಕಡಲಿಗೆ ಇಳಿದದ್ದು ಎರಡೇ ದಿನ. ಉಳಿದದ್ದೆಲ್ಲ ಈಜುಕೊಳ. ಬುಕ್ ಮಾಡುವಾಗ ಒಬ್ಬರೂ ಹೇಳಲಿಲ್ಲ.

ಎರಡು, 'ಸ್ವಾಗತದ ತಿಂಡಿ'. ಮೊದಲ ದಿನ ಕೌಂಟರಿನಲ್ಲಿ ಒಬ್ಬ ಬಂದು, ನಾಳೆ ಬೆಳಗ್ಗೆ ವಿಶೇಷ ತಿಂಡಿ ಇದೆ, ಒಂದೂವರೆ ಗಂಟೆ ಅಷ್ಟೇ, ಬಂದರೆ ಪ್ರವಾಸಕ್ಕೆ ರಿಯಾಯಿತಿ ಅಂದ. ಹೋದರೆ ಟೈಮ್‌ಶೇರ್ ಮಾರಾಟ, ಅಂದರೆ ವರ್ಷಕ್ಕೆ ಕೆಲವು ದಿನ ರೆಸಾರ್ಟಿನಲ್ಲಿ ಇರುವ ಹಕ್ಕನ್ನು ಮೊದಲೇ ಮಾರುವುದು. ಮೂರು ಗಂಟೆ ಕೂರಿಸಿದರು. ಒಬ್ಬ ಹೋದ, ಇನ್ನೊಬ್ಬ ಬಂದ, ಬೆಲೆ ಇಳಿಯುತ್ತಾ ಹೋಯಿತು. ನಮ್ಮನೆಯವರು ಪೆನ್ನು ಕೈಗೆ ತೆಗೆದುಕೊಳ್ಳುವುದೊಂದು ಬಾಕಿ ಇತ್ತು. ಅಪ್ಪ ಕನ್ನಡದಲ್ಲಿ ಹೇಳಿದರು, "ಇದು ದೇವನಹಳ್ಳಿ ಕಡೆ ಸೈಟ್ ತೋರಿಸ್ತೀವಿ ಅಂತ ಫ್ರೀ ವ್ಯಾನಲ್ಲಿ ಕರ್ಕೊಂಡು ಹೋಗಿ ಪಲಾವ್ ತಿನ್ನಿಸ್ತಾರಲ್ಲ, ಅದೇ. ಏಳಿ." ಎದ್ದೆವು.

ಮೂರು, ಬೆಳಗ್ಗೆ ಆರಕ್ಕೇ ಜನ ಟವೆಲ್ ಹಾಕಿ ಕುರ್ಚಿ ಹಿಡಿಯುತ್ತಾರೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ನಮಗೆ ಇದೇನು ಹೊಸದಲ್ಲ, ಎರಡನೇ ದಿನದಿಂದ ಅಪ್ಪನೇ ಆ ಕೆಲಸ ವಹಿಸಿಕೊಂಡರು. ಆದರೆ ಟವೆಲಿಗೆ ಒಂದು ಕಾರ್ಡ್ ಕೊಡುತ್ತಾರೆ, ಅದು ಕಳೆದರೆ 20 ಡಾಲರ್. ನಮ್ಮದು ಒಂದು ಕಳೆಯಿತು.

ನನ್ನ ತೀರ್ಮಾನ ಇಷ್ಟು: ರೆಸಾರ್ಟ್ ಕೆಟ್ಟದ್ದಲ್ಲ, ಏಳು ದಿನ ತಪ್ಪು. ನಾಲ್ಕು ದಿನ ಸಾಕಿತ್ತು. ಐದನೇ ದಿನಕ್ಕೆ ಅಪ್ಪ "ಇಲ್ಲಿ ಊರು ಅಂತ ಇದೆಯಾ?" ಅಂತ ಕೇಳಿದರು. ಅಪ್ಪ ಕೇಳಿದ್ದು ಸರಿ. ಗೇಟಿನ ಒಳಗೇ ಇದ್ದರೆ ಮೆಕ್ಸಿಕೋ ಕಾಣುವುದಿಲ್ಲ, ಹೊರಗೆ ಹೋದರೆ ಒಳಗೆ ಕಟ್ಟಿದ ಊಟದ ದುಡ್ಡು ಹಾಳಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಲೆಕ್ಕದ ಪುಸ್ತಕ:

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎಲ್ಲಾ ಸೇರಿ ಅನ್ನೋ ರೇಟಿನಲ್ಲಿ ದೊಡ್ಡ ಪಾಲು ಬಾರ್ ಮತ್ತು ಮಾಂಸದ್ದು. ಬೆಳಗ್ಗೆ ಹತ್ತಕ್ಕೆ ಈಜುಕೊಳದ ಬಾರಿನಲ್ಲಿ ಕೂತು ಸಂಜೆವರೆಗೆ ಏಳದ ಮಹಾನುಭಾವರ ಬಿಲ್ ನೀವು ಕಟ್ಟಿದ್ದೀರಿ. ನಿಮ್ಮ ಆರು ಜನದಲ್ಲಿ ಕುಡಿಯುವವರು ಸೊನ್ನೆ. ಅಡುಗೆಮನೆ ಇರುವ ಒಂದು ಅಪಾರ್ಟ್‌ಮೆಂಟ್ ಪ್ಲಾಯಾ ಊರಿನಲ್ಲೇ ಹಿಡಿದಿದ್ದರೆ ಅರ್ಧ ದುಡ್ಡು ಉಳಿಯುತ್ತಿತ್ತು. ಕುಕ್ಕರ್ ಒಂದು ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ಆಯಿತು.

ಹಾಸನದ ಕಾಫಿ:

@ಲೆಕ್ಕದ ಪುಸ್ತಕ ಆ ಕುಕ್ಕರ್ ಒಲೆ ಮೇಲೆ ಇಡೋರು ಯಾರು ಸರ್? ಅಮ್ಮ ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು, ಬಂದ ದಿನದಿಂದ ನಮ್ಮನೆ ಅಡುಗೆಮನೆಯಲ್ಲೇ ಇದ್ದಾರೆ. ಅಪಾರ್ಟ್‌ಮೆಂಟ್ ಅಂದಿದ್ದರೆ ಹೂಸ್ಟನ್ ಬಿಟ್ಟು ಮೆಕ್ಸಿಕೋದಲ್ಲಿ ಸಾರು ಕುದಿಸುತ್ತಿದ್ದರು, ಅಷ್ಟೇ ವ್ಯತ್ಯಾಸ. ಬಾರಿನ ಲೆಕ್ಕ ಮಾತ್ರ ನೀವು ಹೇಳಿದ್ದು ನಿಜ, ಒಪ್ಪಿದೆ. ನನ್ನ ಮಗ ದಿನಾ ಆರು ಲೋಟ ಮಾವಿನ ಸ್ಮೂದಿ ಕುಡಿದು ಸ್ವಲ್ಪ ವಸೂಲಿ ಮಾಡಿದ.

ಒಂಟಿ ಸಲಗ:

ನಾನು ಇದರ ವಿರುದ್ಧವೇ ಇದ್ದೇನೆ. ಈ ಎಲ್ಲಾ ಸೇರಿ ಪದ್ಧತಿಗೆ ಹೆಸರು ಬಂದದ್ದು ರಜೆ ಪ್ರವಾಸದ ಕಂಪನಿ ಕ್ಲಬ್ ಮೆಡ್‌ನವರಿಂದ. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಟೆಂಟ್ ಹೊಡೆದು, ಒಟ್ಟಿಗೆ ಉಣ್ಣೋದು ಆಡೋದು ಅಂತ ಶುರು ಮಾಡಿದರು. ಆಗ ಅದು ಸರಳ ಜೀವನ. ಈಗ ಅದು ಕಾಂಪೌಂಡ್. ಕಾಂಕೂನ್ ಅಂತೂ ತಾನಾಗಿ ಬೆಳೆದ ಊರೇ ಅಲ್ಲ, ಪ್ರವಾಸಿಗಳಿಗಾಗಿಯೇ ಮೆಕ್ಸಿಕೋ ಸರ್ಕಾರ ಜಾಗ ಆರಿಸಿ 1970ರ ದಶಕದಲ್ಲಿ ಕಟ್ಟಿಸಿದ್ದು, ಮೊದಲ ಹೋಟೆಲುಗಳು ತೆರೆದದ್ದು 1974ರಲ್ಲಿ. ಅಲ್ಲಿ ಹೋಗಿ ಊರೆಲ್ಲಿ ಅಂತ ಕೇಳಿದರೆ? ನಿಮ್ಮಪ್ಪನಿಗೆ ಊರು ಬೇಕಿದ್ದರೆ ವಯ್ಯಾದೊಲಿದ್‌ಗೆ ಕರೆದುಕೊಂಡು ಹೋಗಬೇಕಿತ್ತು. ಚೌಕ ಇದೆ, ಚರ್ಚಿದೆ, ಸಂಜೆ ಜನ ಬೆಂಚಿನ ಮೇಲೆ ಕೂತು ಹರಟುತ್ತಾರೆ, ಊರ ನಡುವೆಯೇ ಸಾಸಿ ಅಂತ ಒಂದು ಸೆನೋತೆ (ನೆಲ ಕುಸಿದು ಆದ ನೀರಿನ ಹೊಂಡ) ಇದೆ.

ಇನ್ನೊಂದು ವಿಷಯ, ಮೆಕ್ಸಿಕೋದಲ್ಲಿ ಕಡಲ ದಂಡೆ ಕಾನೂನಿನ ಪ್ರಕಾರ ಸಾರ್ವಜನಿಕ. ರೆಸಾರ್ಟಿನ ಮುಂದಿನ ಮರಳು ರೆಸಾರ್ಟಿನದಲ್ಲ. ದಂಡೆ ಹಿಡಿದು ನಡೆದರೆ ಯಾರೂ ತಡೆಯುವ ಹಾಗಿಲ್ಲ. ದಾರಿ ಮಾತ್ರ ತುಂಬಾ ಕಡೆ ಗೇಟಿನ ಹಿಂದೆ ಇರುತ್ತದೆ, ಅದು ಬೇರೆ ಕಥೆ.

ಕುಂದಾಪುರದ ಕಡಲು:

ಸಲಗ ಅವ್ರೇ, ಮನೆಯಲ್ಲಿ ಐದು ವರ್ಷದ ಮಗು, ಎಪ್ಪತ್ತರ ಅಪ್ಪ ಇಟ್ಟುಕೊಂಡು ಬೆನ್ನಿಗೆ ಬ್ಯಾಗ್ ಹಾಕಿ ತಿರುಗಲಿಕ್ಕೆ ಆಗ್ತದಾ ಮಾರಾಯ್ರೆ? ಒಂಟಿ ಅಂತ ಹೆಸರು ಇಟ್ಟುಕೊಂಡವರಿಗೆ ಸುಲಭ.

ಪಾಚಿ ವಿಷಯ ಹೇಳ್ತೇನೆ. ಇದು ರೆಸಾರ್ಟಿನವರ ತಪ್ಪಲ್ಲ, ಆದರೆ ಹೇಳದೆ ಮುಚ್ಚಿಟ್ಟದ್ದು ತಪ್ಪು. 2011ರಿಂದ ಈಚೆಗೆ ಅಟ್ಲಾಂಟಿಕ್‌ನಿಂದ ರಾಶಿ ರಾಶಿ ತೇಲಿ ಬಂದು ಕೆರಿಬಿಯನ್ ದಂಡೆಗೆ ಬೀಳ್ತಾ ಇದೆ. ಸಾಮಾನ್ಯವಾಗಿ ಏಪ್ರಿಲ್‌ನಿಂದ ಆಗಸ್ಟ್ ಜಾಸ್ತಿ. ಪೂರ್ವಕ್ಕೆ ಮುಖ ಮಾಡಿದ ದಂಡೆಗೆಲ್ಲ ಬಡಿಯುತ್ತದೆ. ಇಸ್ಲಾ ಮುಹೇರೆಸ್ ದ್ವೀಪದ ಉತ್ತರದ ದಂಡೆ, ಕೊಸುಮೆಲ್ ದ್ವೀಪದ ಪಶ್ಚಿಮ ಭಾಗ, ಅಲ್ಲಿ ಕಡಿಮೆ. ಪ್ಲಾಯಾದಿಂದ ಕೊಸುಮೆಲ್‌ಗೆ ಮುಕ್ಕಾಲು ಗಂಟೆ ದೋಣಿ ಅಷ್ಟೇ. ಪಾಚಿ ದಿನ ಅಲ್ಲಿಗೆ ಹೋಗಬಹುದಿತ್ತು.

ಮತ್ತೆ ನನಗೆ ನಗು ಬಂತು, ಜೂನ್ ತಿಂಗಳಲ್ಲಿ ಕಡಲಾಟ ಅಂತ ಕೇಳಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಯೇ ಕಡಲಿಗೆ ಇಳಿಯುವ ಹಾಗಿಲ್ಲ. ಅಲ್ಲೂ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ದಂಡೆಯ ಬಾವುಟ ನೋಡಿಯೇ ಇಳಿಯಬೇಕು: ಹಸಿರು ಸರಿ, ಹಳದಿ ಜಾಗ್ರತೆ, ಕೆಂಪು ಅಪಾಯ, ಕಪ್ಪು ಇದ್ದರೆ ನೀರು ಮುಟ್ಟುವ ಹಾಗೇ ಇಲ್ಲ.

ಪುಳಿಯೋಗರೆ ಗೊಜ್ಜು:

ನಮ್ಮ ಅತ್ತೆ ಮಾವ ಮುಂದಿನ ತಿಂಗಳು ಬರುತ್ತಾರೆ. ಅವರಿಗೆ ಮೆಕ್ಸಿಕೋ ವೀಸಾ ಬೇರೆ ಬೇಕಾ? ನನ್ನ ಎಚ್‌1ಬಿ ಕೆಲಸದ ವೀಸಾದ ಸ್ಟಾಂಪ್ ಮುಗಿದಿದೆ, ಆದರೆ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಚಾಲ್ತಿಯಲ್ಲಿದೆ. ಹೋಗಬಹುದಾ?

ಲೆಕ್ಕದ ಪುಸ್ತಕ:

@ಪುಳಿಯೋಗರೆ ಗೊಜ್ಜು ಅತ್ತೆ ಮಾವನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋ ವೀಸಾ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೂ ಬೇಡ. ನಿಮ್ಮದೇ ತೊಡಕು. ಐ-94 ಸರಿ ಇದ್ದರೆ 30 ದಿನದೊಳಗೆ ಮೆಕ್ಸಿಕೋಗೆ ಹೋಗಿ ಮುಗಿದ ಸ್ಟಾಂಪಿನಲ್ಲೇ ಅಮೆರಿಕಕ್ಕೆ ವಾಪಸ್ ಬರುವ ನಿಯಮ ಇದೆ. ಆದರೆ ಮೊದಲು ಮೆಕ್ಸಿಕೋದವರು ಒಳಗೆ ಬಿಡಬೇಕಲ್ಲ! ಅವರಿಗೆ ಚಾಲ್ತಿ ವೀಸಾ ಬೇಕು. ಹಾಗಾಗಿ ನೀವು ಮೆಕ್ಸಿಕೋ ಕಾನ್ಸುಲೇಟಿನಲ್ಲಿ ಅವರ ವೀಸಾ ಮಾಡಿಸಿಕೊಳ್ಳಬೇಕು. ಟಿಕೆಟ್ ತೆಗೆಯುವ ಮುಂಚೆ ಕಾನ್ಸುಲೇಟ್ ಪುಟ ಇನ್ನೊಂದು ಸಲ ನೋಡಿ, ನಿಯಮ ಬದಲಾಗುತ್ತಿರುತ್ತದೆ. ಮತ್ತೆ ಅತ್ತೆ ಮಾವ ಹೊರಗೆ ಹೋಗಿ ಬಂದರೆ ಇಲ್ಲಿ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಹಿರಿಯರ ವಿಮೆ ಮೆಕ್ಸಿಕೋದಲ್ಲೂ ನಡೆಯುತ್ತದಾ ಅಂತ ಕೇಳಿ. ಕಾಂಕೂನ್ ಇರುವ ಕ್ವಿಂತಾನಾ ರೋ ರಾಜ್ಯಕ್ಕೆ ಪ್ರವಾಸಿ ತೆರಿಗೆ ಬೇರೆ ಇದೆ, ಆನ್‌ಲೈನ್‌ನಲ್ಲೇ ಕಟ್ಟಬಹುದು. ಕೆಲವು ಹೋಟೆಲುಗಳು ರಾತ್ರಿಗೆ ಇಷ್ಟು ಅಂತ ನೈರ್ಮಲ್ಯದ ಶುಲ್ಕ ಕೌಂಟರಿನಲ್ಲಿ ತೆಗೆದುಕೊಳ್ಳುತ್ತವೆ. ಎಲ್ಲಾ ಸೇರಿ ಅಂದರೂ ಎಲ್ಲಾ ಸೇರಿರೋದಿಲ್ಲ ಅನ್ನೋದು ನನ್ನ ಹಳೇ ರಾಗ.

ಜೋಳದ ರೊಟ್ಟಿ:

ಅಕ್ಕಾರ, ನೀವು ಹಿಬಿಸ್ಕಸ್ ಹೂವಿನ ಕೆಂಪು ಪಾನಕ ಕುಡದ್ರಿಲ್ಲೋ? ಆಗ್ವಾ ದೆ ಹಮಾಯ್ಕಾ ಅಂತಾರ ಅದಕ್ಕ. ನಾ ಮೊದಲ ಸಲ ಕುಡದಾಗ ಬಾಯಾಗ ನಮ್ಮವ್ವನ ಪುಂಡಿಪಲ್ಯೆ ನೆನಪಾತು. ಆಮ್ಯಾಲೆ ನೋಡಿದರ ಗಿಡ ಪುಂಡಿ ಜಾತಿದ! ಹುಣಸೆಹಣ್ಣಿನ ಪಾನಕಾನೂ ಸಿಗತೈತಿ. ಬಾರ್ ಬ್ಯಾಡಾದವರಿಗೆ ಇವೆರಡು ಸಾಕು.

ಹಾಸನದ ಕಾಫಿ:

@ಜೋಳದ ರೊಟ್ಟಿ ಅಯ್ಯೋ ಕುಡಿದೆವು, ಪುಂಡಿ ಅಂತ ಗೊತ್ತಾಗಲಿಲ್ಲ! ನಮ್ಮ ಕಡೆ ಪುಂಡಿ ಬಳಕೆ ಕಡಿಮೆ. ಅಮ್ಮನಿಗೆ ಈಗಲೇ ಹೇಳುತ್ತೇನೆ, ಪಟ್ಟಿ ಇನ್ನೂ ಉದ್ದ ಆಗುತ್ತದೆ.

ಮೌನಿ:

ಚಿಚೆನ್ ಇತ್ಸಾಗೆ ಹೋದ್ರಾ?

ಹಾಸನದ ಕಾಫಿ:

@ಮೌನಿ ಹೋದೆವು. ಇಡೀ ವಾರದಲ್ಲಿ ಅಪ್ಪ ಹೆಚ್ಚು ಮಾತಾಡಿದ ದಿನ ಅದೇ.

ಬಸ್ಸಿನಲ್ಲಿ ಒಂದು ಕಡೆಗೆ ಎರಡೂವರೆ ಗಂಟೆ. ಅಪ್ಪ ಗಣಿತದ ಮೇಷ್ಟ್ರಾಗಿದ್ದವರು. ಅಲ್ಲಿರುವ ಮಾಯಾ ಜನರ ಹಳೇ ಪಿರಮಿಡ್ಡಿಗೆ ನಾಲ್ಕು ಕಡೆ ಮೆಟ್ಟಿಲು, ಒಂದೊಂದು ಕಡೆ 91. ನಾಲ್ಕು ಸಲ 91 ಅಂದರೆ 364, ಮೇಲಿನದೊಂದು ಸೇರಿದರೆ 365. ಗೈಡ್ ಹೇಳುವ ಮುಂಚೆಯೇ ಅಪ್ಪ ಗುಣಾಕಾರ ಮಾಡಿ ಮುಗಿಸಿದ್ದರು. ಈಗ ಹತ್ತಲು ಬಿಡುವುದಿಲ್ಲ, ಅದು ಅಪ್ಪನ ಮಂಡಿಗೆ ಒಳ್ಳೆಯದೇ ಆಯಿತು. ಮೆಟ್ಟಿಲ ಮುಂದೆ ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಹಕ್ಕಿ ಕೂಗಿದ ಹಾಗೆ ಬರುತ್ತದೆ. ಕೆತ್ಸಾಲ್ ಹಕ್ಕಿಯ ಕೂಗು ಅನ್ನುತ್ತಾರೆ. ಅಪ್ಪ ಗೋಳಗುಮ್ಮಟದಲ್ಲಿ ಏಳು ಸಲ ಕೇಳುತ್ತೆ, ಇಲ್ಲಿ ಒಂದೇ ಸಲ ಅಂತ ಗೈಡ್‌ಗೆ ಹೇಳಿ ಅಂದರು. ನಾನು ಹೇಳಲಿಲ್ಲ.

ಒಂದು ವಿಷಯ ಹುಷಾರು. ಟೈಮ್! ಕಾಂಕೂನ್, ಪ್ಲಾಯಾ ಇರುವುದು ಕ್ವಿಂತಾನಾ ರೋ ರಾಜ್ಯದಲ್ಲಿ. ಚಿಚೆನ್ ಇತ್ಸಾ ಇರುವುದು ಯುಕತಾನ್ ರಾಜ್ಯದಲ್ಲಿ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ದಾರಿಯಲ್ಲಿ ಫೋನ್ ತಾನಾಗಿ ಬದಲಾಯಿತು, ಅಪ್ಪನ ಕೈಗಡಿಯಾರ ಬದಲಾಗಲಿಲ್ಲ. ಬಸ್ ಹೊರಡೋದು ಎರಡಕ್ಕೆ ಅಂದಿದ್ದರು. ಅಪ್ಪ ಅವರ ಲೆಕ್ಕದಲ್ಲಿ ಸರಿಯಾಗಿ ಹೋಗಿ, ಖಾಲಿ ಬಸ್ಸಿನ ಪಕ್ಕ ಬಿಸಿಲಲ್ಲಿ ಒಂದು ಗಂಟೆ ನಿಂತಿದ್ದಾರೆ. ನಾವೆಲ್ಲ ನೆರಳಲ್ಲಿ ಎಳನೀರು ಕುಡಿಯುತ್ತಿದ್ದೆವು, ಅಪ್ಪ ಶೌಚಾಲಯಕ್ಕೆ ಹೋಗಿದ್ದಾರೆ ಅಂದುಕೊಂಡಿದ್ದೆವು. ಬೈಗುಳ ತಿಂದದ್ದು ನಾನು.

ವಾಪಸ್ ಬರುವಾಗ ಒಂದು ಸೆನೋತೆ. ಸುಣ್ಣದಕಲ್ಲು ಕುಸಿದು ಆದ ದೊಡ್ಡ ಬಾವಿ ಅಂದುಕೊಳ್ಳಿ, ಕೆಳಗೆ ತಣ್ಣನೆ ನೀರು, ಮೇಲಿಂದ ಬೇರುಗಳು ಜೋತು ಬಿದ್ದಿರುತ್ತವೆ. ಮೈಗೆ ಕ್ರೀಮು, ಎಣ್ಣೆ ಏನೂ ಇರಬಾರದು, ಮೊದಲು ಸ್ನಾನ ಮಾಡಿಯೇ ಇಳಿಯಬೇಕು. ಅಮ್ಮನ ತಲೆ ತುಂಬ ಕೊಬ್ಬರಿ ಎಣ್ಣೆ. ಅಲ್ಲಿದ್ದ ಹುಡುಗಿ ಜಡೆ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದಳು. ಸೋಪು ಕೂಡ ಹಾಕುವ ಹಾಗಿಲ್ಲ, ಬರೀ ನೀರಲ್ಲಿ ಎಣ್ಣೆ ಹೋಗುತ್ತಾ? ಅಮ್ಮ "ನಾನು ಇಲ್ಲೇ ಕೂತ್ಕೋತೀನಿ, ಪುಷ್ಕರಣಿ ಥರ ಇದೆ, ನೋಡಿದರೆ ಸಾಕು" ಅಂತ ಮೆಟ್ಟಿಲ ಮೇಲೆ ಕಾಲು ಮಡಚಿ ಕೂತರು. ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡು ಒಂದು ಗಂಟೆ ಮೇಲೆ ಬರಲಿಲ್ಲ.

ಒಂಟಿ ಸಲಗ:

ನೋಡಿ, ನಿಮ್ಮ ವಾರದಲ್ಲಿ ಹೇಳಿಕೊಳ್ಳುವಂಥ ದಿನ ಕಾಂಪೌಂಡಿನ ಹೊರಗೇ ಇದೆ. ನಾನು ಬೇರೆ ಏನೂ ಹೇಳುವುದಿಲ್ಲ.

ಕುಂದಾಪುರದ ಕಡಲು:

ಆಮೆ ನೋಡಿದ್ರಾ? ಜೂನ್ ಅಂದರೆ ಅಲ್ಲಿ ಮೊಟ್ಟೆ ಇಡುವ ಕಾಲ.

ಹಾಸನದ ಕಾಫಿ:

@ಒಂಟಿ ಸಲಗ ಒಂದು ದಿನ ಒಳಗೂ ಇತ್ತು, ಇವರು ಕೇಳಿದ್ದೇ ಅದು.

@ಕುಂದಾಪುರದ ಕಡಲು ನೋಡಿದೆವು! ಆರನೇ ರಾತ್ರಿ, ಹನ್ನೊಂದೂವರೆ ಇರಬೇಕು. ದಂಡೆಯ ದೀಪ ಎಲ್ಲಾ ಆರಿಸಿದ್ದರು. ಕಾವಲಿನವನು ಸಣ್ಣ ಕೆಂಪು ಟಾರ್ಚ್ ಹಿಡಿದು, ಮಾತಾಡಬೇಡಿ, ಫೋಟೋ ಬೇಡ ಅಂತ ಕೈ ಸನ್ನೆ ಮಾಡಿ ದೂರದಲ್ಲಿ ಕೂರಿಸಿದ. ಅದೇ ಪಾಚಿ ರಾಶಿಯನ್ನು ಆ ಆಮೆ ಅರ್ಧ ಗಂಟೆ ತಳ್ಳಿಕೊಂಡು ಹತ್ತಿತು. ಎರಡು ಸಲ ನಿಂತು ಉಸಿರು ಬಿಟ್ಟಿತು, ಆ ಶಬ್ದ ನಮಗೆ ಕೇಳಿಸಿತು. ಹಿಂಗಾಲಿನಲ್ಲಿ ಮರಳು ತೋಡುವಾಗ ಒಂದೊಂದು ಸಲವೂ ಪಾದವನ್ನು ಬಟ್ಟಲಿನ ಹಾಗೆ ಮಡಚಿ, ಮರಳು ಚೆಲ್ಲದಂತೆ ಎತ್ತಿ ಪಕ್ಕಕ್ಕೆ ಹಾಕುತ್ತಿತ್ತು. ಚಿಕ್ಕವಳು ನನ್ನ ತೊಡೆ ಮೇಲೆ ನಿದ್ದೆ ಹೋದಳು, ದೊಡ್ಡವನು ಕಣ್ಣು ಮಿಟುಕಿಸಲಿಲ್ಲ. ಬೆಳಗ್ಗೆ ಆ ಜಾಗಕ್ಕೆ ಕಡ್ಡಿ ನೆಟ್ಟು ತಾರೀಕು ಬರೆದಿದ್ದರು. ಮರಿ ಬರಲು ಸುಮಾರು ಎರಡು ತಿಂಗಳು ಬೇಕಂತೆ. ಮಗ ಕ್ಯಾಲೆಂಡರಿನಲ್ಲಿ ಆಗಸ್ಟ್ ಕೊನೆಗೆ ಗುರುತು ಹಾಕಿದ್ದಾನೆ.

ಕುಂದಾಪುರದ ಕಡಲು:

ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆ ಬಂದು ಮೊಟ್ಟೆ ಇಡ್ತದೆ. ಊರಿಗೆ ಬಂದಾಗ ಮಗನನ್ನು ಕರೆದುಕೊಂಡು ಬನ್ನಿ. ಅಲ್ಲಿ ಕೈಗೆ ಪಟ್ಟಿ ಕಟ್ಟುವುದಿಲ್ಲ, ಬಂಗುಡೆ ಊಟ ಇದೆ, ನಿಮಗೆ ಬೇಡದಿದ್ದರೆ ಗಂಜಿ ಚಟ್ನಿ ಇದೆ.

ಪುಳಿಯೋಗರೆ ಗೊಜ್ಜು:

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಾಲ್ಕು ರಾತ್ರಿ ರೆಸಾರ್ಟ್, ಮೂರು ರಾತ್ರಿ ವಯ್ಯಾದೊಲಿದ್ ಅಂತ ಮಾಡಿದರೆ ಹೇಗೆ? ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಊಟದ ಟೈಮ್ ತಪ್ಪಬಾರದು.

ಹಾಸನದ ಕಾಫಿ:

@ಪುಳಿಯೋಗರೆ ಗೊಜ್ಜು ಅದೇ ಸರಿ. ಮೊದಲು ವಯ್ಯಾದೊಲಿದ್, ಆಮೇಲೆ ರೆಸಾರ್ಟ್ ಇಟ್ಟುಕೊಳ್ಳಿ. ಸುತ್ತಿ ದಣಿದ ಮೇಲೆ ಮಲಗಲು ಚೆನ್ನಾಗಿರುತ್ತದೆ. ಚಿಚೆನ್ ಇತ್ಸಾ ಅಲ್ಲಿಂದ ಹತ್ತಿರ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬಹುದು, ಬಿಸಿಲೂ ಇಲ್ಲ, ಬಸ್ಸಿನ ಜನವೂ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಮಾವನ ಮಾತ್ರೆ ಕೈಚೀಲದಲ್ಲೇ ಇರಲಿ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬಾಟಲ್ ನೀರು. ಒಂದು ಡಾಲರಿನ ನೋಟು ಒಂದಷ್ಟು ಇಟ್ಟುಕೊಳ್ಳಿ, ರೂಮು ಗುಡಿಸುವವರಿಗೆ ದಿನಾ ಕೊಡಿ. ಡಾಲರ್ ಚಿಲ್ಲರೆ ನಾಣ್ಯ ಕೊಡಬೇಡಿ, ಅವರಿಗೆ ಅದನ್ನು ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಮತ್ತೆ, ಯಾರಾದರೂ ಸ್ವಾಗತದ ತಿಂಡಿ ಅಂದರೆ ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಅಂತ ಹೇಳಿ ಓಡಿ.

ಮೌನಿ:

ಟವೆಲ್ ಕಾರ್ಡ್ ಸಿಕ್ತಾ?

ಹಾಸನದ ಕಾಫಿ:

@ಮೌನಿ ಸಿಕ್ಕಿತು. ಹೂಸ್ಟನ್‌ಗೆ ಬಂದ ಮೇಲೆ, ವಾಷಿಂಗ್ ಮಷೀನ್ ಒಳಗೆ, ಅಪ್ಪನ ಜುಬ್ಬಾ ಜೇಬಲ್ಲಿ. 20 ಡಾಲರ್ ವಾಪಸ್ ಕೇಳೋಕೆ ಫೋನ್ ಮಾಡು ಅಂತ ಅಪ್ಪ ದಿನಾ ಹೇಳುತ್ತಿದ್ದಾರೆ.